ಸುಣ್ಣ ಹೆಚ್ಚಾದ ಕವಳ

ನಾನು ಹುಟ್ಟಾ ವಾಚಾಳಿ. ಸಾಗರದಲ್ಲಿ ಡಿಗ್ರಿ, ಆಮೇಲೆ ಪರವೂರಲ್ಲಿ ಎಂ.ಎ. ಮುಗಿಸಿದಾಗ, ಇನ್ನು ಬಾಗಿಲಿಗೆ ಬೋರ್ಡು ಹಾಕಿ ಜನರ ಮನಸ್ಸು ರಿಪೇರಿ ಮಾಡುವುದೊಂದೇ ಬಾಕಿ ಎಂದುಕೊಂಡಿದ್ದೆ. ಅದೆಲ್ಲಿ! ಮನಶ್ಶಾಸ್ತ್ರಜ್ಞೆ ಎಂದು ನೋಂದಣಿಯಾಗಬೇಕಾದರೆ ಇನ್ನೂ ಎರಡು ವರ್ಷ ಆಸ್ಪತ್ರೆಯಲ್ಲಿ ಹಿರಿಯರ ಕಣ್ಣೆದುರೇ ಕೂತು ಕಲಿಯಬೇಕಿತ್ತು. "ಇಷ್ಟು ಓದಿ ಎಂತ ಕಲ್ತ್ಯೇ?" ಎಂದು ಅಮ್ಮ ಕೇಳಿದಾಗ "ಸುಮ್ನೆ ಕೂರದು" ಎಂದೆ. ಅಮ್ಮ ನಕ್ಕುಬಿಟ್ಟಳು. "ಅದು ನಿಂಗೆ ಈ ಜನ್ಮದಲ್ಲಿ ಬತ್ತಿಲ್ಲೆ ಬಿಡು."

ನಿಜವೇ. ಎದುರಿಗಿದ್ದವರ ಕಣ್ಣಲ್ಲಿ ನೀರು ಕಂಡರೆ ಸಾಕು, "ಎಲ್ಲ ಸರಿಹೋಗುತ್ತೆ" ಎಂದು ಶುರುಮಾಡುತ್ತಿದ್ದೆ. "ನೀನು ಸಮಾಧಾನ ಹೇಳಿದ ಕೂಡ್ಲೇ ಅವರ ಮಾತು ನಿಂತುಹೋಗುತ್ತೆ, ನೋಡಿದೀಯಾ?" ಎಂದು ಕಲಿಸುತ್ತಿದ್ದ ಮೇಡಂ ಗದರುತ್ತಿದ್ದರು. ಅವರದು ಇನ್ನೊಂದು ಕಟ್ಟಪ್ಪಣೆ: ಬಂದವರ ಕೈಯಿಂದ ಏನನ್ನೂ ತೆಗೆದುಕೊಳ್ಳಬಾರದು.

ತರಬೇತಿಯ ಕೊನೆಗೆ ವಾರಕ್ಕೊಮ್ಮೆ ಹೊಸನಗರದ ಆಸ್ಪತ್ರೆಗೆ ಹೋಗುತ್ತಿದ್ದೆವು. ಒಂದು ದಿನ ತೀರ್ಥಹಳ್ಳಿ ಕಡೆಯ ವಯಸ್ಸಾದ ರೈತರೊಬ್ಬರನ್ನು ಅವರ ಸೊಸೆ ಕರೆತಂದಿದ್ದರು. "ಅತ್ತೆ ಹೋದ್ಮೇಲೆ ಮಾವ ಮಾತೇ ಬಿಟ್ಟಿದಾರೆ ಮೇಡಂ. ಊಟನೂ ಅಷ್ಟಕ್ಕಷ್ಟೆ. ಕವಳ ಅಂತೂ ಮುಟ್ಟಿಲ್ಲ, ಎಲೆಯಡಿಕೆ ಸಂಚಿ ಮಾತ್ರ ಸೊಂಟದಲ್ಲೇ ಇರುತ್ತೆ" ಎಂದರು. ಆವತ್ತು ಕರೆಂಟ್ ಇರಲಿಲ್ಲ. ಹೊರಗೆ ಹಲಸಿನ ಮರದಡಿಯ ಬೆಂಚಿನಲ್ಲಿ ಅಜ್ಜನ ಪಕ್ಕ ಕೂತೆ. ಮೇಡಂ ತುಸು ದೂರ ನಿಂತರು. ಏನು ಕೇಳಿದರೂ ಅಜ್ಜ ತುಟಿ ಬಿಚ್ಚಲಿಲ್ಲ. ಇವರು ಹೀಗೇ ಸೊರಗಿ ಹೋಗುತ್ತಾರೇನೋ ಎಂದು ಹೆದರಿಕೆಯಾಯಿತು. ನನ್ನ ಪ್ರಶ್ನೆಗಳೂ ಮುಗಿದವು.

ಆಗ ಅವರ ಕೈ ಸಂಚಿಗೆ ಹೋಯಿತು. ಜೊತೆಯಲ್ಲಿ ಕೂತವರಿಗೆ ಎಲೆಯಡಿಕೆ ಕೊಡದಿರುವುದು ನಮ್ಮ ಕಡೆ ಮರ್ಯಾದೆಯಲ್ಲ. ಕೊಟ್ಟಿದ್ದನ್ನು ಬೇಡವೆಂದರೆ ಕೊಟ್ಟವರೇ ಬೇಡವೆಂದ ಹಾಗೆ. ಎಲೆಗೆ ಸುಣ್ಣ ಬಳಿದು, ಅಡಿಕೆ ಇಟ್ಟು, ಮಡಚಿ ನನ್ನತ್ತ ಚಾಚಿದರು. ನಾನು ಮೇಡಂ ಕಡೆ ನೋಡಿದೆ. ಅವರು ಬೇಕೆಂದೇ ಬೇರೆಲ್ಲೋ ನೋಡುತ್ತಿದ್ದರು. ಕವಳ ಬಾಯಿಗೆ ಹಾಕಿಕೊಂಡೆ.

ಕವಳ ತುಂಬಿದ ಬಾಯಲ್ಲಿ ಮಾತೆಲ್ಲಿಂದ ಬರಬೇಕು? ಅಂತೂ ನಾನೂ ಸುಮ್ಮನಾದೆ. ಸುಣ್ಣ ನಾಲಿಗೆ ಸುಟ್ಟು ಕಣ್ಣಲ್ಲಿ ನೀರು ಬಂತು. ಅಜ್ಜ ನನ್ನ ಮುಖವನ್ನೇ ನೋಡುತ್ತಿದ್ದರು.

"ಸುಣ್ಣ ಜಾಸ್ತಿ ಆಯ್ತಾ ಅಮ್ಮಾ?" ಎಂದರು. "ನಂಗೆ ಹದ ಗೊತ್ತಾಗದಿಲ್ಲ. ಇಷ್ಟ್ ವರ್ಷ ಅವಳೇ ಹಚ್ಚಿ ಕೊಡ್ತಿದ್ಲು."

ಹೆಗಲ ಮೇಲಿನ ಟವೆಲ್ ಮುಖಕ್ಕೊತ್ತಿಕೊಂಡು ಅತ್ತರು. ಅಳುತ್ತಲೇ ಹೆಂಡತಿಯ ಸುದ್ದಿ ಹೇಳತೊಡಗಿದರು. ಅದನ್ನು ನಾನಿಲ್ಲಿ ಬರೆಯಲಾರೆ, ಅದು ಅವರದು. ಮುಚ್ಚಿಹೋಗಿದ್ದ ಮನಸ್ಸೊಂದು ನನ್ನ ಪಕ್ಕದಲ್ಲೇ ತಾನಾಗಿ ತೆರೆದುಕೊಳ್ಳುವುದನ್ನು ಕಂಡು ಮೈ ಜುಂ ಎಂದಿತು. ಇವತ್ತು ನನ್ನ ಬಾಗಿಲಿಗೆ ಬೋರ್ಡೂ ಇದೆ, ನೋಂದಣಿಯೂ ಇದೆ. ಆ ಜುಂ ಮಾತ್ರ ಇನ್ನೂ ಇಳಿದಿಲ್ಲ.

ಅಜ್ಜ ಬಹಳ ಹೊತ್ತು ಮಾತಾಡಿದರು. "ಎಲ್ಲ ಸರಿಹೋಗುತ್ತೆ" ಎಂದು ನಾನು ಹೇಳಲಿಲ್ಲ. ಬಾಯಲ್ಲಿದ್ದ ಕವಳ ಯಾವಾಗಲೋ ಮುಗಿದಿತ್ತು.