ಜಗಳ ಬಿಡಿಸುವ ಪಾಠಕ್ಕೆ ದುಭಾಷಿ

ಎರಡು ಸಾವಿರದ ಇಸವಿಯ ಆಚೀಚೆಯ ವರ್ಷಗಳು. ನನ್ನ ಮನೆ ಭದ್ರಾವತಿಯ ನ್ಯೂ ಟೌನಿನಲ್ಲಿತ್ತು, ಶಿವಮೊಗ್ಗದ ಕಾಲೇಜೊಂದರಲ್ಲಿ ಇಂಗ್ಲಿಷ್ ಮೇಡಂ ಆಗಿದ್ದೆ. ಬೆಂಗಳೂರಿನ ತರಬೇತುದಾರನೊಬ್ಬ ನನ್ನನ್ನು ದುಭಾಷಿಯಾಗಿ ಕರೆದ. ವಿದೇಶಿ ಕಂಪನಿಗಳ ಮ್ಯಾನೇಜರುಗಳನ್ನೂ, ಅವರಿಗೆ ಎರಕದ ಬಿಡಿಭಾಗ ಮಾಡಿಕೊಡುವ ನಮ್ಮ ಕಡೆಯ ಫೌಂಡ್ರಿಯವರನ್ನೂ ಒಟ್ಟಿಗೆ ಕೂರಿಸಿ, ಜಗಳ ಬಗೆಹರಿಸುವ ಕಲೆ ಕಲಿಸುತ್ತಾನಂತೆ.

ಶಿವಮೊಗ್ಗದ ಹೋಟೆಲೊಂದರ ಹಾಲ್. ಏಪ್ರಿಲ್ ಸೆಕೆಯಲ್ಲೂ ಆಸಾಮಿ ಕೋಟು ಬಿಚ್ಚಲಿಲ್ಲ. “ಭಾರತೀಯರು ಜಗಳಕ್ಕೆ ಅಂಜುತ್ತಾರೆ” ಎಂದು ಪರದೆಯ ಮೇಲೆ ತೋರಿಸಿದ. ಭದ್ರಾವತಿ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದವರ ಜಗಳವನ್ನು ಈ ಮಹಾನುಭಾವ ಒಮ್ಮೆಯೂ ಕಂಡಿರಲಿಕ್ಕಿಲ್ಲ.

ನಿಜವಾದ ಜಗಳವೊಂದು ಆ ಹಾಲಿನಲ್ಲೇ ಕುಳಿತಿತ್ತು. ಜರ್ಮನಿಯ ಮ್ಯಾನೇಜರ್ ಹೆಂಗಸು, ತೂತುಗಳು ಸರಿಯಾದ ಜಾಗದಲ್ಲಿಲ್ಲವೆಂದು, ಪಂಪಿನ ಕವಚಗಳ ಇಡೀ ಲೋಡನ್ನು ತಿರಸ್ಕರಿಸಿದ್ದಳು. ಅವನ್ನು ಎರಕ ಹೊಯ್ದ ಫೌಂಡ್ರಿಯ ಮ್ಯಾನೇಜರು ಎದುರಿನ ಸಾಲಿನಲ್ಲಿದ್ದರು. ಹಣೆಯ ತುಂಬ ವಿಭೂತಿ, ದಪ್ಪ ದನಿ. ತರಬೇತುದಾರ ಇಬ್ಬರನ್ನೂ ಎಬ್ಬಿಸಿ, ಒಬ್ಬರ ಪಾತ್ರ ಇನ್ನೊಬ್ಬರು ಮಾಡಿ ಎಂದ.

ಆಕೆಯ ಪಾತ್ರ ವಹಿಸಿದ ನಮ್ಮ ಫೌಂಡ್ರಿಯವರು ಕುರ್ಚಿಗೊರಗಿ, ಕಾಲ ಮೇಲೆ ಕಾಲು ಹಾಕಿ, ಕಿಟಕಿಯ ಹೊರಗೆ ನೋಡುತ್ತ, “ತೂತು ಸರಿಯಿಲ್ಲ, ವಾಪಸ್ ತಗೊಂಡ್ಹೋಗಿ. ಮುಂದಿನ ಲೋಡು ಟೈಮಿಗೆ ಬರ್ಬೇಕು, ಅಷ್ಟೇ” ಎಂದರು. ನಾನು ಇಂಗ್ಲಿಷಿಗೆ ತಿರುಗಿಸಿದೆ. ಫೌಂಡ್ರಿಯವರಾಗಿ ಉತ್ತರ ಕೊಡಬೇಕಿದ್ದ ಆಕೆ “ಸಾರಿ” ಎಂದಷ್ಟೇ ಹೇಳಿ ಕುಳಿತುಬಿಟ್ಟಳು. ಮುಖ ಕೆಂಪೇರಿತು. ತರಬೇತುದಾರ ಚಪ್ಪಾಳೆ ತಟ್ಟಿ, “ಇದೇ ನೋಡಿ, ಪರರ ನೋವು ಅರಿಯುವುದು!” ಎಂದ.

ಚಹಾದ ಹೊತ್ತಿಗೆ ಆಕೆ ನನ್ನನ್ನೂ ಫೌಂಡ್ರಿಯವರನ್ನೂ ವರಾಂಡದ ಮೂಲೆಗೆ ಕರೆದಳು. “ತಪ್ಪು ನಮ್ಮದೇ. ಕೊನೆಯಲ್ಲಿ ನಕ್ಷೆ ಬದಲಾಯಿಸಿದೆವು, ಇವರಿಗೆ ತಿಳಿಸಲಿಲ್ಲ. ಆದರೆ ಕಂಪನಿಯ ಮುಂದೆ ನಾನಿದನ್ನು ಒಪ್ಪಿಕೊಂಡರೆ ನನ್ನ ಕೆಲಸ ಹೋಗುತ್ತದೆ” ಎಂದಳು.

ನಾನು ಕನ್ನಡದಲ್ಲಿ ಹೇಳಿದೆ. ಅವರು ನಿಧಾನವಾಗಿ ಚಹಾ ಮುಗಿಸಿದರು. “ತಪ್ಪು ನಮ್ದಲ್ಲ ಅಂತ ಗೊತ್ತಿತ್ತು ಮೇಡಂ, ಕೊಟ್ಟ ನಕ್ಷೆ ಪ್ರಕಾರಾನೇ ಹೊಯ್ದಿದ್ವಿ. ಅವ್ರಿಗೆ ಗೊತ್ತಿದ್ಯೋ ಇಲ್ವೋ ಅಂತ ನೋಡ್ತಿದ್ದೆ.”

“ಈಗೇನ್ ಮಾಡ್ತೀರಿ?” ಎಂದು ನಾನಾಗಿಯೇ ಕೇಳಿದೆ.

“ಏನ್ ಮಾಡೋದು ಮಾರಾಯ್ರೆ, ನಮ್ ಖರ್ಚಲ್ಲೇ ಕರಗಿಸಿ ಮತ್ತೆ ಹೊಯ್ತೀವಿ.”

ಜಗಳ ಮುಗಿಯಿತೆಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ತರಬೇತುದಾರ ಬೋರ್ಡಿನ ತುಂಬ ‘ಇಬ್ಬರಿಗೂ ಗೆಲುವು’ ಎಂದು ಬರೆದ. ಮರುದಿನ ಎಲ್ಲರನ್ನೂ ಸಕ್ರೆಬೈಲಿನ ಆನೆ ಬಿಡಾರಕ್ಕೆ ಕರೆದೊಯ್ದು, ಆನೆಗಳಿಂದ ತಾಳ್ಮೆ ಕಲಿಯಬೇಕೆಂದು ಭಾಷಣ ಬಿಗಿದ. ಆನೆಯ ಕಾಲಿಗೆ ಸರಪಳಿ ಇದ್ದದ್ದು ಅವನ ಕಣ್ಣಿಗೆ ಬೀಳಲಿಲ್ಲ.

ಸಮಾರೋಪದಲ್ಲಿ ಫೌಂಡ್ರಿಯವರಿಗೆ ಮೈಕು ಕೊಟ್ಟರು. “ಎಲ್ಲಾ ಚೆನ್ನಾಗ್ ಕಲ್ಸಿದ್ರು. ತಪ್ಪು ಯಾರದೇ ಇರ್ಲಿ, ಬಗ್ಗೋನು ಮಾತ್ರ ಯಾವಾಗ್ಲೂ ನಾನೇ ಯಾಕಾಗ್ಬೇಕು, ಅದೊಂದ್ ಹೇಳ್ಲಿಲ್ಲ” ಎಂದು ಕುಳಿತರು.

ತರಬೇತುದಾರ ನನ್ನ ಕಿವಿಯಲ್ಲಿ, “ಧನ್ಯವಾದ ಹೇಳಿದರು ಅಂದುಬಿಡಿ” ಎಂದ. ನಾನು ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ಜರ್ಮನಿಯ ಹೆಂಗಸು ತಲೆ ತಗ್ಗಿಸಿದಳು. ಇವನು ಮಾತ್ರ, ಇಲ್ಲಿಯವರ ಹಾಸ್ಯಪ್ರಜ್ಞೆ ಅದ್ಭುತ ಎಂದು ಎಲ್ಲರಿಗಿಂತ ಮೊದಲು ನಕ್ಕ.

ಫೌಂಡ್ರಿಯವರು ಹೊಸ ಲೋಡು ಕಳಿಸಿ, ಆ ಕಂಪನಿಯ ಮುಂದಿನ ಆರ್ಡರನ್ನು ಬೇಡವೆಂದರು. ನನ್ನನ್ನು ಮತ್ತೆ ಯಾರೂ ಕರೆಯಲಿಲ್ಲ. ಕೆಲವು ವರ್ಷಗಳ ಮೇಲೆ, ಬೆಂಗಳೂರಿನಲ್ಲಿ ಅವನ ತರಗತಿಗೆ ಹೋಗಿದ್ದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಿಕ್ಕಳು. ಶಿವಮೊಗ್ಗದಲ್ಲಿ ತಾನು ಬಿಡಿಸಿದ ಜಗಳವನ್ನು ಆತ ಎಲ್ಲ ಕಡೆಯೂ ಉದಾಹರಣೆಯಾಗಿ ಹೇಳುತ್ತಾನಂತೆ. ದುಭಾಷಿ ಒಬ್ಬಳು ಸ್ವಲ್ಪ ದಡ್ಡಿಯಾಗಿದ್ದಳು, ಅದೊಂದೇ ಕೊರತೆ ಎನ್ನುತ್ತಾನಂತೆ.