ಒಂದು ಕಂಬಿ ಇಲ್ಲದ ತೊಟ್ಟಿಲು

ಅದಿರಿನ ದುಡ್ಡು ಬಂದ ವರ್ಷಗಳಲ್ಲಿ ನಮ್ಮ ಹೊಸಪೇಟೆಯ ಹಳೆಯ ಸಾಮಾನುಗಳೆಲ್ಲ ಬೀದಿಗೆ ಬಿದ್ದವು. ಲಾರಿ ಇಟ್ಟವರು, ಗಣಿಯಲ್ಲಿ ಗುತ್ತಿಗೆ ಹಿಡಿದವರು, ಅವರಿಗೆ ಡೀಸೆಲ್ ಹಾಕಿದವರು, ಎಲ್ಲರೂ ಹಳೇ ಮನೆ ಕೆಡವಿ ಹೊಸದು ಕಟ್ಟಿಸುತ್ತಿದ್ದರು. ಮಾರ್ಬಲ್ ನೆಲದ ಮೇಲೆ ಅಜ್ಜನ ಮಂಚ ಒಪ್ಪುವುದಿಲ್ಲವಂತೆ. ಹಾಗಾಗಿ ಮಂಚ ಹೊರಗೆ, ಹಿತ್ತಾಳೆಯ ಹಂಡೆ ಹೊರಗೆ, ಕನ್ನಡಿಯ ಬೀರು ಹೊರಗೆ. ಅವನ್ನು ಗುಜರಿಗೆ ಹಾಕಲು ಕರುಳು ಒಪ್ಪದವರು ನಮ್ಮ ಓಣಿಯ ಮಠದ ಹಿಂದಿನ ಕೋಣೆಗೆ ತಂದು ಕೊಡುತ್ತಿದ್ದರು.

ಆ ಕೋಣೆ ಮಹಿಳಾ ಮಂಡಳಿಯದು. ಜನ ಪುಕ್ಕಟೆ ಕೊಟ್ಟ ಸಾಮಾನನ್ನು ಅಲ್ಲಿ ಅಗ್ಗದ ಬೆಲೆಗೆ ಮಾರಿ, ಬಂದ ದುಡ್ಡಿನಲ್ಲಿ ದೊಡ್ಡಾಸ್ಪತ್ರೆಯ ರೋಗಿಗಳಿಗೆ ಗಂಜಿ, ಹಾಲು ಕಳಿಸುತ್ತಿದ್ದರು. ನೋಡಿಕೊಳ್ಳುತ್ತಿದ್ದವರು ಸಾಲೆಯಿಂದ ನಿವೃತ್ತರಾದ ಒಬ್ಬ ಟೀಚರಮ್ಮ. ಬಾಗಿಲು ತೆರೆಯುವುದು ಶನಿವಾರ ಮಾತ್ರ. ಆ ದಿನ ನನ್ನ ಮನೆಯಲ್ಲಿ ರೊಟ್ಟಿ ಬೆಳಗಿನ ಚಹಾಕ್ಕಿಂತ ಮೊದಲೇ ಆಗಿರುತ್ತಿತ್ತು.

ಏನೇನು ಸಿಗುತ್ತಿತ್ತು ಅಂತೀರಿ! ಹಂಪಿಗೆ ಬಂದ ಪರದೇಶದವರು ಊರಿಗೆ ಹೊರಡುವಾಗ ಲಾಡ್ಜಿನಲ್ಲಿ ಬಿಟ್ಟುಹೋದ ಜಾಕೆಟ್ಟು, ಬೂಟು, ಟಾರ್ಚು ಕೂಡ ಗಂಟು ಕಟ್ಟಿಕೊಂಡು ಅಲ್ಲಿಗೇ ಬರುತ್ತಿದ್ದವು. ಕಂಪ್ಲಿಯ ಕಡೆಯಿಂದ ಬಾಳೆಕಾಯಿ ತರುತ್ತಿದ್ದ ಒಬ್ಬ ರೈತ ಅಲ್ಲಿಂದ ಜಿಪ್ಪಿನ ಹಾಸಿಗೆಚೀಲ ಒಯ್ದು, ರಾತ್ರಿ ತೋಟ ಕಾಯುವಾಗ ಅದರೊಳಗೆ ಹೊಕ್ಕು ಮಲಗುತ್ತಿದ್ದ. "ಭಾಳ ಬೆಚ್ಚಗೈತ್ರಿ ಟೀಚರಮ್ಮ. ಹಂದಿ ಬಂದ್ರ ಓಡಾಕ ಆಗಂಗಿಲ್ಲ, ಅದೊಂದ ತ್ರಾಸು" ಎಂದು ಹೇಳಿ ಎಲ್ಲರನ್ನೂ ನಗಿಸಿದ್ದ.

ಕೋಣೆಗೆ ಒಂದು ಕಟ್ಟಳೆ ಇತ್ತು. ಯಾವ ಸಾಮಾನು ಯಾರ ಮನೆಯದು ಎಂದು ಟೀಚರಮ್ಮ ಹೇಳುತ್ತಿರಲಿಲ್ಲ, ನಾವೂ ಕೇಳುವಂತಿರಲಿಲ್ಲ. ಕೊಟ್ಟವರಿಗೆ ಇರಸುಮುರಸಾಗಬಾರದು, ಕೊಂಡವರು ತಲೆ ತಗ್ಗಿಸಬಾರದು. ನನಗೆ ಈ ಕಟ್ಟಳೆ ಹಿಡಿಸಿತ್ತು. ನಮ್ಮ ಅಜ್ಜಿಗೆ ಮಾತ್ರ ಒಂಚೂರೂ ಹಿಡಿಸಿರಲಿಲ್ಲ.

"ಎಮ್ಮಿ ತಗೊಂಡ್ರೂ ಯಾರ ಕೊಟ್ಟಿಗ್ಯಾಗಿಂದು ಅಂತ ಕೇಳ್ತೀವಿ. ಮನಿ ಇಲ್ಲದ ಸಾಮಾನು ಎಂಥಾದ್ದವಾ? ದಿಕ್ಕಿಲ್ಲದ್ದು" ಎನ್ನುತ್ತಿದ್ದಳು. ನಾನು ತಂದ ಲೋಟದಲ್ಲಿ ನೀರು ಸಹ ಕುಡಿಯುತ್ತಿರಲಿಲ್ಲ. ಹಳೆಯದು ಅಂತಲ್ಲ, ಅವಳ ಪೆಟ್ಟಿಗೆಯಲ್ಲಿ ಹೊಸದು ಅನ್ನುವುದೇ ಇರಲಿಲ್ಲ. ಗುರುತಿಲ್ಲದ್ದು ಎಂದು.

ಅಂಥ ಅಜ್ಜಿ ಒಂದು ದಿನ ತಾನಾಗಿಯೇ ನನ್ನನ್ನು ಕರೆದು, "ನಿನ್ನ ಆ ಕ್ವಾಣ್ಯಾಗ ತೊಟ್ಟಲಾ ಬಂದಿರ್ತಾವೇನು?" ಎಂದಳು.

ಅದು ನನ್ನ ತಂಗಿಗಾಗಿ. ತಂಗಿಯ ಗಂಡನಿಗೆ ಲಾರಿ ಇತ್ತು, ಕೈಯಲ್ಲಿ ನಾಲ್ಕು ಕಾಸೂ ಓಡಾಡುತ್ತಿತ್ತು. ಮೊದಲ ಕೂಸಿಗೆ ಅವನು ಷೋರೂಮಿನಿಂದ ಥಳಥಳ ಹೊಳೆಯುವ ಸ್ಟೀಲಿನ ತೊಟ್ಟಿಲು ತಂದಿದ್ದ. ಆ ಕೂಸು ಮೂರು ತಿಂಗಳು ತುಂಬುವ ಮೊದಲೇ ಒಂದು ಬೆಳಗಿನ ಜಾವ ಅದರಲ್ಲಿ ಮಲಗಿದ್ದಲ್ಲಿಯೇ ತಣ್ಣಗಾಗಿತ್ತು. ಡಾಕ್ಟರು ಏನೋ ಹೇಳಿದರು, ನಮಗೆ ತಿಳಿಯಲಿಲ್ಲ. ತಂಗಿ ಮಾತ್ರ ಒಂದೇ ಮಾತು ಹಿಡಿದಳು: "ನಾ ಕೆಳಗಿಟ್ಟಿದ್ದಕ್ಕ ಹೋತು."

ಈಗ ಎರಡನೆಯದು ಹೆಣ್ಣು ಹುಟ್ಟಿತ್ತು. ಬಾಣಂತನಕ್ಕೆ ತಂಗಿ ನಮ್ಮ ಮನೆಯಲ್ಲಿದ್ದಳು. ಕೂಸನ್ನು ಅವಳು ಮಡಿಲಿನಿಂದ ಕೆಳಗಿಡುತ್ತಲೇ ಇರಲಿಲ್ಲ. ಉಣ್ಣುವಾಗಲೂ ಮಡಿಲಲ್ಲಿ, ರಾತ್ರಿ ಗೋಡೆಗೆ ಒರಗಿ ಕೂತಾಗಲೂ ಮಡಿಲಲ್ಲಿ. ಕೂತಲ್ಲಿಯೇ ತೂಕಡಿಸಿ, ಬೆಚ್ಚಿಬಿದ್ದು, ಕೂಸಿನ ಮೂಗಿನ ಹತ್ತಿರ ಬೆರಳು ಹಿಡಿದು ನೋಡುವಳು. ನಮ್ಮ ಕೈಗೂ ಕೊಡಳು. ಕಣ್ಣಿನ ಸುತ್ತ ಕಾಡಿಗೆ ಬಳಿದಂತೆ ಕಪ್ಪಾಗಿತ್ತು, ಹಾಲು ಇಳಿಯುವುದು ಕಡಿಮೆಯಾಗಿತ್ತು. ಇವಳು ಹೀಗೇ ಇದ್ದರೆ ಇಬ್ಬರಲ್ಲಿ ಒಬ್ಬರು ಉಳಿಯುವುದಿಲ್ಲ ಎಂದು ಅಜ್ಜಿ ನನ್ನೊಬ್ಬಳಿಗೇ ಹೇಳಿ, ಸೆರಗಿನಿಂದ ಮೂಗು ಒರೆಸಿಕೊಂಡಿದ್ದಳು.

ನಮ್ಮಲ್ಲಿ ಒಂದು ಕೂಸು ಹೋದ ಮನೆಗೆ ಹೊಸ ತೊಟ್ಟಿಲು ತರುವುದಿಲ್ಲ. ಮಕ್ಕಳು ಆಡಿ ಎದ್ದು ಹೋದ ತೊಟ್ಟಿಲನ್ನು ಇಸಿದುಕೊಂಡು ಬರುತ್ತಾರೆ. ಬಂಧುಗಳ ಮನೆಗಳಲ್ಲಿ ಕೇಳಿದೆವು. ಒಬ್ಬರದು ಗೆದ್ದಲು ತಿಂದಿತ್ತು, ಒಬ್ಬರು ಮನೆ ಕೆಡವುವಾಗ ಒಲೆಗೆ ಹಾಕಿದ್ದರು. ಉಳಿದದ್ದು ಮಠದ ಕೋಣೆ.

ಪುಣ್ಯಕ್ಕೆ ಆ ಶನಿವಾರ ಅಲ್ಲಿ ತೊಟ್ಟಿಲು ಇತ್ತು. ತೇಗದ್ದು, ಬೀರುವಿನ ಹಿಂದೆ ಸರಿಸಿಟ್ಟಿದ್ದರು. ಮೈತುಂಬ ಕೆಂಪು ಧೂಳು. ಆ ಧೂಳು ಆಗ ನಮ್ಮ ಅನ್ನದ ಮೇಲೂ ಕೂರುತ್ತಿತ್ತು, ಅದರಲ್ಲೇನೂ ಆಶ್ಚರ್ಯವಿಲ್ಲ. ಸುತ್ತಲೂ ಕಡೆದ ಕಟ್ಟಿಗೆಯ ಕಂಬಿಗಳು. ಒಂದು ಕಡೆ ನಡುವೆ ಒಂದು ಕಂಬಿ ಮಾತ್ರ ಇರಲಿಲ್ಲ.

ನಾನು ಹಳೇ ಗಿರಾಕಿ, ಬಿಡುತ್ತೇನೆಯೇ? "ಇದು ಮುರಿದದ್ದೈತಲ್ರಿ ಟೀಚರಮ್ಮ, ಬಾಯಾಗ ಹಲ್ಲು ಬಿದ್ದಂಗ. ಇದಕ್ಕ ಇಷ್ಟ್ಯಾಕ?" ಎಂದು ಬೆಲೆ ಇಳಿಸುವುದಕ್ಕೆ ಕೂತೆ. ಅಷ್ಟರಲ್ಲಿ ಅಜ್ಜಿ ಕೋಲೂರಿಕೊಂಡು ಹಿಂದೆಯೇ ಬಂದಳು. ತೊಟ್ಟಿಲಿನೊಳಗೆ ತಲೆ ಹಾಕಿ ಮೂಸಿದಳು. ಬಾಣಂತಿಕೋಣೆಯ ವಾಸನೆ ಇನ್ನೂ ಇದೆಯೋ ಏನೋ, ಮುಖ ಸಡಿಲಾಯಿತು.

"ಬಜಿಬೇರಿನ ವಾಸನಿ ಐತಿ. ಕೂಸುಗಳು ಮಲಗಿದ್ದು ಖರೆ" ಎಂದವಳು ಟೀಚರಮ್ಮನ ಕಡೆ ತಿರುಗಿದಳು. "ಯಾರ ಮನೀದವಾ ಇದು?"

"ಅದೊಂದು ಕೇಳಬ್ಯಾಡ್ರಿ ಅಜ್ಜಿ. ನಾವು ಹೇಳಂಗಿಲ್ಲ."

"ಮಂಚ ಒಯ್ಯಾಕತ್ತಿಲ್ಲ ನಾವು. ಇದರಾಗಿಂದ ಮಕ್ಕಳು ಎದ್ದಾವೋ ಇಲ್ಲೋ ಅಂತ ತಿಳಿದು ಒಯ್ಯಬೇಕಲ್ಲ?"

"ನಿಮ್ಮ ಸಂಕಟ ತಿಳೀತೈತ್ರಿ. ಆದ್ರ ಕೊಟ್ಟೋರಿಗೆ ಮಾತು ಕೊಟ್ಟೀನಿ."

"ನಿನ್ನ ಸಾಲ್ಯಾಗ ಹುಡುಗರಿಗೂ ಹಿಂಗ ಮಾಡಿದ್ಯೇನು? ಪಾಸೋ ಫೇಲೋ ಹೇಳದಂಗ ಮನಿಗೆ ಕಳಸ್ತಿದ್ದೇನು?"

ಟೀಚರಮ್ಮ ನಕ್ಕರು, ಆದರೆ ಬಾಯಿ ಬಿಡಲಿಲ್ಲ. ನನ್ನಿಂದ ತಂಗಿಯ ವಿಷಯ ಎಲ್ಲ ಕೇಳಿಕೊಂಡು, ಕನ್ನಡಕ ಒರೆಸಿ ಹಾಕಿಕೊಂಡು, "ಹಿಂಗ ಮಾಡೂಣ. ನಾ ನಿಮಗ ಅವರ ಮನಿ ಹೇಳಂಗಿಲ್ಲ. ಅವರಿಗೆ ನಿಮ್ಮ ಮನಿ ಹೇಳ್ತೀನಿ. ತೊಟ್ಟಲಕ್ಕ ಹಾಕೋದು ಯಾವಾಗ?" ಎಂದರು.

"ಬರೋ ಸೋಮವಾರ."

"ಬಂದ್ರ ಬರ್ತಾರ. ಬರಲಿಲ್ಲಂದ್ರ ನನ್ನ ಬೈಬ್ಯಾಡ್ರಿ."

ತೊಟ್ಟಿಲು ಮನೆಗೆ ಬಂತು. ಅಂಗಳದಲ್ಲಿಟ್ಟು ತೊಳೆದೆ. ಕೊಡಗಟ್ಟಲೆ ನೀರು ಕೆಂಪಗೆ ಹರಿದು, ಆಮೇಲೆ ತೇಗದ ಜೇನುಬಣ್ಣ ಕಂಡಿತು. ಇಲ್ಲದ ಕಂಬಿ ಹಾಕಿಸಲು ಬಡಗಿಯನ್ನು ಕರೆಯಲು ಹೋದರೆ, ಅವನು ಯಾರೋ ಗಣಿ ಧಣಿಗಳ ಹೊಸ ಮನೆಯ ಬಾಗಿಲಿಗೆ ಬಳ್ಳಿ ಕೆತ್ತುತ್ತಿದ್ದ. "ಅಕ್ಕಾರ, ಈ ವರ್ಷ ಊರಾಗ ಕುರ್ಚಿ ಕಾಲು ಮುರಿದ್ರೂ ನೆಲದ ಮ್ಯಾಲ ಕುಂದರಬೇಕ್ರಿ. ನನಗ ಪುರಸೊತ್ತಿಲ್ಲ" ಅಂದುಬಿಟ್ಟ. ಆ ಸಂದಿಗೆ ನಾನೇ ಒಂದು ಹಳೆಯ ಇಳಕಲ್ ಸೀರೆಯ ಅಂಚು ಬಿಗಿದು ಕಟ್ಟಿದೆ. ಜಂತಿಯ ಕೊಂಡಿಗೆ ಸರಪಳಿ ಹಾಕಿ, ಎದ್ದು ನಿಂತು ತೂಗುವವರ ಸೊಂಟದೆತ್ತರಕ್ಕೆ ತೂಗುಹಾಕಿದೆವು.

ತಂಗಿ ಬಾಗಿಲಲ್ಲಿ ಕೂಸನ್ನು ಅವುಚಿಕೊಂಡು ನಿಂತು ನೋಡಿದಳು.

"ಯಾರ ಮನೀದಕ್ಕಾ?"

ನಾನು ಅಜ್ಜಿಯ ಮುಖ ನೋಡಿದೆ. ಸುಳ್ಳು ಹೇಳಬಹುದಿತ್ತು. ಅಜ್ಜಿಗೆ ಬೇಕಾದಷ್ಟು ಬಂಧುಗಳು, ಯಾವುದೋ ಒಂದು ಮನೆ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಅಜ್ಜಿ, "ಗೊತ್ತಿಲ್ಲವಾ. ಬಂದು ಹೇಳ್ತಾರ" ಎಂದಳು.

"ಹಂಗಾರ ಅವರು ಬರೂತನ ಖಾಲಿ ಇರಲಿ" ಎಂದು ತಂಗಿ ಒಳಗೆ ಹೋದಳು.

ಸೋಮವಾರ ಓಣಿಯ ಹೆಂಗಸರೆಲ್ಲ ಬಂದರು. ಗುಗ್ಗರಿಯ ಕಡಲೆ ಬೆಂದು ಮನೆ ತುಂಬ ವಾಸನೆ. ನಮ್ಮಲ್ಲಿ ಕೂಸಿಗಿಂತ ಮೊದಲು ರುಬ್ಬುವ ಗುಂಡುಕಲ್ಲನ್ನು ತೊಳೆದು, ಕುಂಕುಮ ಹಚ್ಚಿ, ಕೂಸಿನ ಟೋಪಿಯಂಥ ಕುಲಾಯಿ ಹಾಕಿ ತೊಟ್ಟಿಲಲ್ಲಿ ಮಲಗಿಸಿ ತೂಗುತ್ತಾರೆ. ಕೂಸು ಕಲ್ಲಿನ ಹಾಗೆ ಗಟ್ಟಿಯಾಗಲಿ ಎಂದು. ಕಲ್ಲಿಗೆ ಜೋಗುಳ ಹಾಡಿದ್ದೂ ಆಯಿತು. ಪಕ್ಕದ ಮನೆಯ ಚಿಗವ್ವ, "ಎಷ್ಟು ಶಾಣ್ಯಾ ಕೂಸು ನೋಡ್ರಿ, ಅಳಂಗಿಲ್ಲ, ಕರೆಯಂಗಿಲ್ಲ" ಎಂದು ಕಲ್ಲಿನ ಗಲ್ಲ ಹಿಂಡಿ ನಗಿಸಿದಳು. ಕಲ್ಲು ತೆಗೆದರು. "ತಾರವಾ ಕೂಸನ್ನ" ಎಂದು ಅಜ್ಜಿ ಕೈ ಚಾಚಿದಳು.

ತಂಗಿ ಕೊಡಲಿಲ್ಲ. ಕೂಸಿನ ತಲೆಯನ್ನು ಕತ್ತಿನ ಗುಳಿಯಲ್ಲಿ ಒತ್ತಿಕೊಂಡು ಗೋಡೆಗೆ ಸರಿದಳು. ಹಾಡುತ್ತಿದ್ದವರು ಹಾಗೇ ನಿಂತರು. ಖಾಲಿ ತೊಟ್ಟಿಲು ತನ್ನಷ್ಟಕ್ಕೆ ಸಣ್ಣಗೆ ತೂಗುತ್ತಿತ್ತು.

ಆಗ ಬಾಗಿಲಲ್ಲಿ, "ಒಳಗ ಬರಲೇನ್ರವಾ?" ಎಂಬ ದನಿ ಕೇಳಿತು.

ಟೀಚರಮ್ಮ ಒಬ್ಬ ಮುದುಕಿಯ ಕೈ ಹಿಡಿದು ನಿಂತಿದ್ದರು. ಮುದುಕಿಯ ಇನ್ನೊಂದು ಕೈಯಲ್ಲಿ ಬಾಳೆಹಣ್ಣಿನ ಚೀಲ, ಸೆರಗಿನ ಮೇಲೆ ದಾರಿಯ ಕೆಂಪು ಧೂಳು. "ಸಂಡೂರಿಂದ ಬಸ್ಸಿಗೆ ಬಂದೆ. ಲಾರಿ ಅಡ್ಡ ನಿಂತು ತಡಾತು. ಮನ್ಯಾಗ ಕಾರು ಅದಾವ, ಆದ್ರ ಕಾರು ತಗೊಂಡ್ರ ಎಲ್ಲಿಗೆ ಅಂತ ಕೇಳ್ತಾರ" ಎನ್ನುತ್ತಲೇ ಒಳಗೆ ಬಂದ ಮುದುಕಿಯ ಕಣ್ಣು ತೊಟ್ಟಿಲ ಮೇಲೆ ನಿಂತಿತು. ಹೋಗಿ ಅದರ ಅಂಚನ್ನು ಸವರಿದಳು.

ಅಜ್ಜಿ ತಡೆಯಲಾರದೆ ಕೇಳಿದಳು. "ನಿಮ್ಮ ಮನೀದೇನ್ರವಾ? ಮಕ್ಕಳೆಲ್ಲ ಎದ್ದಾವಲ್ಲ?"

ಮುದುಕಿ ತಂಗಿಯ ಕಡೆ ನೋಡಿದಳು. ಅವಳು ಕೂಸನ್ನು ಹಿಡಿದ ರೀತಿಯನ್ನು ನೋಡಿದಳು. "ಎಲ್ಲಾ ಎದ್ದಿಲ್ಲ. ನಂದು ಮೊದಲನೇದು ಇದರಾಗ ಹೋತು" ಎಂದಳು.

ಹೆಂಗಸರು ಮುಖ ಮುಖ ನೋಡಿಕೊಂಡರು. ಅಜ್ಜಿಯ ಕೈ ಕೋಲಿನ ಮೇಲೆ ಬಿಗಿಯಿತು. ಆದರೆ ತಂಗಿ ತಾನಾಗಿಯೇ ಗೋಡೆ ಬಿಟ್ಟು ಮುಂದೆ ಬಂದಳು.

"ಆಮ್ಯಾಲ?"

"ಆಮ್ಯಾಲ ಇನ್ನೊಂದು ಹುಟ್ಟಿತು. ನಾನೂ ನಿನ್ನಂಗ ಕೆಳಗ ಇಡಲಿಲ್ಲ. ನಮ್ಮತ್ತಿ ಭಾಳ ಬಿರಸು ಹೆಂಗಸು, ನನ್ನ ಕೂಡ ಮಾತ ಆಡ್ತಿದ್ದಿಲ್ಲ. ಒಂದಿನ ಕೊಡಲಿ ತಗೊಂಡು ಬಂದ್ಲು. ತೊಟ್ಟಲಾ ಒಡೀತಾಳ ಅಂತ ಮಾಡಿದ್ದೆ." ಮುದುಕಿ ಮಾತಾಡುತ್ತಲೇ ನಾನು ಬಿಗಿದ ಸೀರೆಯಂಚನ್ನು ಬಿಚ್ಚತೊಡಗಿದಳು. "ಕೊಡಲಿ ಹಿಂದಿನ ಮಗ್ಗಲಿಂದ ಬಡಿದು ಒಂದು ಕಂಬಿ ಕಿತ್ತಳು. ಅಲ್ಲೇ ಹಾಸಿ, 'ಇಲ್ಲಿ ಮಕ್ಕೊ. ಕೈ ಒಳಗಿಡು. ಕೂಸು ತೊಟ್ಟಲದಾಗ, ನಿನ್ನ ಕೈ ಕೂಸಿನ ಮ್ಯಾಲ' ಅಂದ್ಲು. ಇದನ್ನ್ಯಾರು ಕಟ್ಟಿದ್ರವಾ?"

"ನಾನ್ರಿ. ಮುರಿದೈತಿ ಅಂತ..."

"ನನ್ನ ಮಗನೂ ಹಂಗ ಅಂದ. ಮುರುಕು ತೊಟ್ಟಲಾ ಹೊಸ ಮನ್ಯಾಗ ಯಾಕ, ಕೊಟ್ಟುಬಿಡು ಅಂದ. ಆ ಕಂಬಿ ಕಿತ್ತಿದ್ದು ಅವನ ಸಲುವಾಗೇ. ಈಗ ಬಾಗಲದಾಗ ಹಿಡಿಸದಷ್ಟು ಆಗ್ಯಾನ." ಅವಳು ನಕ್ಕಳು. ಆಮೇಲೆ ನನ್ನ ಕಡೆ ತಿರುಗಿ, "ಇಷ್ಟು ಮ್ಯಾಲ ಯಾಕ ಕಟ್ಟೀರಿ? ಇಳಸ್ರಿ. ಮಲಗಿದಾಕಿ ಕೈ ಮುಟ್ಟಬೇಕು" ಎಂದಳು.

ನಾನೂ ಟೀಚರಮ್ಮನೂ ಸರಪಳಿ ಇಳಿಸಿದೆವು, ತೊಟ್ಟಿಲು ನೆಲದಿಂದ ಗೇಣು ಮೇಲೆ ನಿಲ್ಲುವ ಹಾಗೆ. ಅಜ್ಜಿ ಚಾಪೆಯ ಮೇಲೆ ತನ್ನ ಸ್ವಂತ ಕೌದಿ ಹಾಸಿದಳು. ತಂಗಿ ಕುಳಿತಳು. ಬಹಳ ಹೊತ್ತು ಕುಳಿತೇ ಇದ್ದಳು. ಯಾರೂ ಹಾಡಲಿಲ್ಲ, ಯಾರೂ ಹಾಕು ಅನ್ನಲಿಲ್ಲ. ಚಿಗವ್ವ ಕೂಡ ಬಾಯಿ ಮುಚ್ಚಿಕೊಂಡಿದ್ದಳು, ಅದು ನಮ್ಮ ಓಣಿಯಲ್ಲಿ ಸಣ್ಣ ಮಾತಲ್ಲ. ಕೊನೆಗೆ ತಂಗಿ ಬಗ್ಗಿ ಕೂಸನ್ನು ತೊಟ್ಟಿಲಿಗೆ ಇಳಿಸಿ, ತಾನು ಮಗ್ಗುಲಿಗೆ ಒರಗಿ, ಆ ಸಂದಿಯಲ್ಲಿ ಕೈ ತೂರಿಸಿದಳು. ಮೊಣಕೈತನಕ ಸರಾಗವಾಗಿ ಹೋಯಿತು. ಅಂಗೈ ಕೂಸಿನ ಎದೆಯ ಮೇಲೆ ಕುಳಿತು, ಅದರ ಉಸಿರಿನ ಜೊತೆ ಏರಿ ಇಳಿಯತೊಡಗಿತು.

ಮುದುಕಿ ಜೋಗುಳ ಎತ್ತಿದಳು. ದನಿ ಒಡಕು, ಆದರೂ ಉಳಿದವರು ಸೇರಿಕೊಂಡರು. ಹಾಡು ಮುಗಿಯುವ ಮೊದಲೇ ತಂಗಿ ನಿದ್ದೆ ಹೋದಳು. ಗುಗ್ಗರಿ ಹಂಚುವಾಗ ನಾವೆಲ್ಲ ಅವಳ ಕಾಲು ದಾಟಿಕೊಂಡೇ ಓಡಾಡಿದೆವು. ಅಜ್ಜಿ ಆ ಸಂಡೂರಿನ ಅವ್ವನಿಗೆ ಎಲ್ಲರಿಗಿಂತ ಮೊದಲು ಉಡಿ ತುಂಬಿ, ನಾನು ಅದೇ ಕೋಣೆಯಿಂದ ತಂದಿದ್ದ ಲೋಟದಲ್ಲಿ ಅವಳಿಗೆ ಹಾಲು ಕೊಟ್ಟು, ತಾನೂ ಒಂದರಲ್ಲಿ ಕುಡಿದಳು. ನಾನು ನೋಡಿದ್ದನ್ನು ನೋಡಿ, "ಏನ್ ನೋಡ್ತೀಲೇ? ನೀರಡಿಕಿ ಆಗಿತ್ತು" ಎಂದಳು.

ಎರಡು ವರ್ಷದ ಮೇಲೆ ಕೂಸು ತೊಟ್ಟಿಲಲ್ಲಿ ಹಿಡಿಸದಾಯಿತು. ಒಂದು ಶನಿವಾರ ತಂಗಿ ನನ್ನ ಜೊತೆ ಬಂದು ಅದನ್ನು ಮಠದ ಕೋಣೆಯಲ್ಲಿ ಇಳಿಸಿದಳು. ಕೂಸು ಅಲ್ಲಿದ್ದ ಪರದೇಶದ ಬೂಟಿನೊಳಗೆ ಕಾಲು ಹಾಕಿಕೊಂಡು ಓಡಾಡುತ್ತಿತ್ತು.

"ಯಾರ ಮನೀದು ಅಂತ ನಾ ಹೇಳಂಗಿಲ್ಲ, ಗೊತ್ತಲ್ಲ?" ಎಂದರು ಟೀಚರಮ್ಮ.

"ಮನಿ ಹೇಳಬ್ಯಾಡ್ರಿ" ಎಂದಳು ತಂಗಿ, ಆ ಸಂದಿಯ ಅಂಚನ್ನು ಬೆರಳಿನಿಂದ ಸವರುತ್ತಾ. "ಈ ಕಂಬಿ ಯಾಕಿಲ್ಲ ಅನ್ನೋದನ್ನ ಹೇಳ್ರಿ. ಇಲ್ಲಂದ್ರ ಬಡಗಿ ಕಡೆ ಒಯ್ದುಬಿಟ್ಟಾರು."