ಹೊಳೆಗಿಳಿದ ಕೈತೋಟ

ನಮ್ಮತ್ತೆ ಕ್ಲೆಯೊಫೆಯವರ ಕೈತೋಟ ನೆಲದ ಮೇಲಿಲ್ಲ. ನೆಲದಲ್ಲಿ ಹಾಕಿದ್ದನ್ನು ಕೋಳಿ ಕೆದಕುತ್ತದೆ, ಏಡಿ ಕತ್ತರಿಸುತ್ತದೆ, ಉಳಿದದ್ದನ್ನು ಹೊಳೆ ಬಂದು ಒಯ್ಯುತ್ತದೆ. ಅದಕ್ಕೇ ಈ ದಂಡೆಯ ಹೆಂಗಸರೆಲ್ಲ ಮಾಡುವ ಹಾಗೆ ಅತ್ತೆಯೂ ಒಂದು ಹಳೆಯ ದೋಣಿಯನ್ನು ಎದೆಯೆತ್ತರದ ನಾಲ್ಕು ಕಂಬಗಳ ಮೇಲೆ ಕೂರಿಸಿ, ಅರ್ಧದವರೆಗೆ ಮಣ್ಣು ತುಂಬಿ, ಅದರಲ್ಲಿ ಸೊಪ್ಪುಸದೆ ಬೆಳೆಯುತ್ತಾರೆ. ಮಣ್ಣೂ ಎಲ್ಲಿಯದೋ ಅಲ್ಲ. ಕಾಡಿನಲ್ಲಿ ಎಲೆ ಕತ್ತರಿಸುವ ಇರುವೆಗಳು ಗೂಡಿನಿಂದ ಹೊರಹಾಕಿದ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ತರುತ್ತಾರೆ. ಇರುವೆ ಜರಡಿ ಹಿಡಿದಷ್ಟು ಚೆನ್ನಾಗಿ ನಾವು ಹಿಡಿಯಲಾರೆವು ಎಂಬುದು ಅತ್ತೆಯ ಅಭಿಪ್ರಾಯ. ಅವರು ಹೊಗಳುವ ಜೀವಿಗಳು ಕಡಿಮೆ, ಇರುವೆ ಅದರಲ್ಲೊಂದು.

ಆ ದೋಣಿ ನಮ್ಮ ಮಾವ ಅಬೆಲೀನೊ ಮದುವೆಯಾದ ವರ್ಷ ಒಂದೇ ದಿಮ್ಮಿಯನ್ನು ಕೊರೆದು ಮಾಡಿದ್ದು. ಮೂವತ್ತು ವರ್ಷ ಅದರಲ್ಲಿ ಬಾಳೆಗೊನೆ ಸಾಗಿಸಿದರು, ಮೀನು ಹಿಡಿದರು, ಹೆರಿಗೆಯ ಹೆಂಗಸರನ್ನು ಆಸ್ಪತ್ರೆಗೆ ಮುಟ್ಟಿಸಿದರು. ಮೂರು ವರ್ಷದ ಹಿಂದೆ ಅವರ ಬಲಭುಜ ಏಳದಂತಾಯಿತು. ದೋಣಿಗೆ ವಯಸ್ಸಾಯಿತು, ಇನ್ನು ಅದು ತೋಟಕ್ಕೆ ಎಂದು ಅತ್ತೆ ತೀರ್ಮಾನಿಸಿದರು.

"ವಯಸ್ಸಾಗಿದ್ದು ದೋಣಿಗೋ ನನಗೋ?" ಎಂದು ಮಾವ ಕೇಳಿದರಂತೆ.

"ಇಬ್ರಿಗೂ. ಆದ್ರೆ ನಿನ್ನಲ್ಲಿ ಕೊತ್ತಂಬರಿ ಬೆಳೆಯಲ್ಲ."

ನೀರು ಬಸಿದುಹೋಗಲು ಅತ್ತೆ ಬೈರಿಗೆ ಹಿಡಿದು ಅದರ ತಳಕ್ಕೆ ಒಂಬತ್ತು ತೂತು ಕೊರೆದರು. ಮಾವ ಆ ದಿನ ಬೆಳಗ್ಗೆಯೇ ಕಾಡಿಗೆ ಹೋಗಿದ್ದರು. ಸಂಜೆ ಬರಿಗೈಲಿ ಬಂದರು.

ನಾನು ಸೊಸೆಯಾಗಿ ಬರುವ ಹೊತ್ತಿಗೆ ಅದರಲ್ಲಿ ಈರುಳ್ಳಿ ಸೊಪ್ಪು, ಕಾಡುಕೊತ್ತಂಬರಿ, ದೊಡ್ಡಪತ್ರೆ, ಪುದೀನ, ಮೆಣಸಿನಕಾಯಿ, ಒಂದು ತುದಿಗೆ ಟೊಮ್ಯಾಟೊ, ಇನ್ನೊಂದು ತುದಿಗೆ ಕಾಮಕಸ್ತೂರಿ ತುಂಬಿಹೋಗಿದ್ದವು. ಯಾರ ಮನೆಯಲ್ಲಿ ತೆಂಗಿನಹಾಲಿನ ಮೀನುಸಾರು ಕುದಿಯುತ್ತಿದ್ದರೂ ಒಂದು ಕೈ ನಮ್ಮ ದೋಣಿಯ ಕಡೆ ಚಾಚುತ್ತಿತ್ತು. ಅತ್ತೆ ಕೊಡುತ್ತಿದ್ದರು, ಬೈಯುತ್ತ. "ನಿಮ್ಮನೇಲಿ ದೋಣಿ ಇಲ್ವಾ? ಕೈ ಇಲ್ವಾ?" ಎನ್ನುತ್ತ ಎರಡು ಕಡ್ಡಿ ಹೆಚ್ಚೇ ಕಿತ್ತು ಕೊಡುವರು.

ನನ್ನ ಮಗಳು ಡಿಯೊಸೆಲೀನಾ ಹುಟ್ಟಿದ ಏಳನೆಯ ದಿನ ಅವಳ ಹೊಕ್ಕುಳಬಳ್ಳಿ ಒಣಗಿ ಬಿತ್ತು. ಇಲ್ಲಿ ಅದನ್ನು ಒಂದು ಮರದ ಬುಡದಲ್ಲಿ ಹೂಳುತ್ತಾರೆ. ಹೊಕ್ಕುಳು ಎಲ್ಲಿದೆಯೋ ಮನುಷ್ಯ ಆ ಊರಿನವನು. ಎಲ್ಲಿ ಹೋದರೂ ಅಲ್ಲಿಗೆ ಬಂದು ಸೇರುತ್ತಾನೆ. ನನ್ನ ಗಂಡ ಎಲ್ವರ್‌ನದನ್ನು ದಂಡೆಯ ತೆಂಗಿನ ಬುಡದಲ್ಲಿ ಹೂತಿದ್ದರು. ಅವನಿಗೆ ಹತ್ತು ವರ್ಷವಿದ್ದಾಗ ಹೊಳೆ ಆ ತೆಂಗನ್ನೇ ಕಿತ್ತುಕೊಂಡು ಹೋಯಿತು. ಈಗ ಅವನು ಬ್ವೆನಾವೆಂತುರಾ ಬಂದರಿನ ಸರಕು ದೋಣಿಯಲ್ಲಿ ಕೆಲಸಕ್ಕಿದ್ದಾನೆ, ಹದಿನೈದು ದಿನಕ್ಕೊಮ್ಮೆ ಬಂದು ಎರಡು ದಿನಕ್ಕೇ ಹೊರಡಲು ಚಡಪಡಿಸುತ್ತಾನೆ. ಅದು ಆ ತೆಂಗಿನ ಮರದ ದೆಸೆಯಿಂದ ಎನ್ನುವುದರಲ್ಲಿ ಅತ್ತೆಗೆ ಅನುಮಾನವಿಲ್ಲ.

ಬಿಳಿ ಬಟ್ಟೆಯಲ್ಲಿ ಸುತ್ತಿದ ಪುಟ್ಟ ಪೊಟ್ಟಣ ಹಿಡಿದು ಅವರು ಕೈತೋಟದ ಕಡೆ ಹೊರಟಾಗ ನಾನು ಕೇಳಿದೆ. "ಅತ್ತೆ, ಮರದ ಬುಡದಲ್ಲಿ ಅಲ್ವಾ?"

"ಮರಾನ ಹೊಳೆ ತಗೊಂಡು ಹೋಗುತ್ತೆ. ಇದು ಎತ್ತರದಲ್ಲಿದೆ. ಮೂರು ವರ್ಷದಲ್ಲಿ ಒಂದ್ಸಲ ಆದ್ರೂ ಇಲ್ಲಿಗೆ ನೀರು ಹತ್ತಿದ್ದು ನೋಡಿದೀಯಾ?"

ನೋಡಿರಲಿಲ್ಲ. ಕಾಮಕಸ್ತೂರಿಯ ಬುಡದಲ್ಲಿ ಗೇಣುದ್ದ ತೋಡಿ ಹೂತರು. ಹುಡುಗಿ ಎಲ್ಲರಿಗೂ ಬೇಕಾದವಳಾಗುತ್ತಾಳೆ, ಮನೆ ಬಿಟ್ಟು ಹೋಗುವುದಿಲ್ಲ ಎಂದರು. ಏಳು ದಿನದ ಹುಡುಗಿ ಆಗ ಆಕಳಿಸುತ್ತಿದ್ದಳು.

ಮಗುವಿಗೆ ತಿಂಗಳು ತುಂಬುವ ಹೊತ್ತಿಗೆ ತೋಟ ಹಳದಿಗೆ ತಿರುಗಿತು. ಮೊದಲು ಈರುಳ್ಳಿಯ ತುದಿ, ಆಮೇಲೆ ಪುದೀನ, ಆಮೇಲೆ ಕಾಮಕಸ್ತೂರಿ. ಅತ್ತೆ ಎಲೆ ತಿರುಗಿಸಿ ನೋಡಿದರು, ಹುಳ ಇರಲಿಲ್ಲ. ತಮ್ಮ ಕೈಯನ್ನು ನೋಡಿಕೊಂಡರು. ಆಮೇಲೆ ನನ್ನನ್ನು ನೋಡಿದರು.

ಮುಟ್ಟಾದವಳು, ಬಸುರಿ, ಬಾಣಂತಿ ಇವರ ನೆರಳು ಬಿದ್ದರೆ ಸೊಪ್ಪು ಬಾಡುತ್ತದೆ ಎಂಬುದು ಇಲ್ಲಿ ಮಕ್ಕಳಿಗೂ ಗೊತ್ತು. ನನಗೆ ಕಂಬದಿಂದ ಹನ್ನೆರಡು ಹೆಜ್ಜೆ ದೂರದ ಗಡಿ ಹಾಕಿದರು. ಬಟ್ಟೆ ಒಣಹಾಕಲು ಮನೆಯನ್ನು ಸುತ್ತಿ ಹೋಗಬೇಕಾಯಿತು. "ನಿನ್ನ ತಪ್ಪಲ್ಲ ಲೀಬಿಯಾ, ನಿನ್ನ ಮೈ ಈಗ ಹಾಗಿದೆ," ಎಂದು ಅತ್ತೆ ಸಮಾಧಾನ ಹೇಳಿದರು, ಅದನ್ನೇ ನೀರಿಗೆ ಬಂದವರಿಗೆಲ್ಲ ಹೇಳಿದರು. ನಾನು ವಾದಿಸಲಿಲ್ಲ. ಮಗು ನಿದ್ದೆ ಮಾಡಗೊಡುತ್ತಿರಲಿಲ್ಲ. ಅಪರಾಧಿಯಾಗಿ ಹನ್ನೆರಡು ಹೆಜ್ಜೆ ದೂರದಲ್ಲಿ ಕೂತು ತೂಕಡಿಸುವುದು ನನಗೂ ಅನುಕೂಲವೇ ಆಗಿತ್ತು.

ಒಂದು ಸಂಗತಿ ಮಾತ್ರ ನನ್ನ ದಿನಚರಿ ಪುಸ್ತಕದಲ್ಲಿ ಬರೆದಿಟ್ಟಿದ್ದೆ, ಅರ್ಥ ಗೊತ್ತಿಲ್ಲದೆ. ಮಗು ಹುಟ್ಟಿದ ವಾರದ ಶನಿವಾರ, ಅತ್ತೆ ಪ್ರಾರ್ಥನೆಗೆ ಹೋದ ಹೊತ್ತಿನಲ್ಲಿ, ಮಾವ ಒಂದು ಡಬ್ಬಿ ಹಿಡಿದು ದೋಣಿಯ ಅಡಿಗೆ ನುಗ್ಗಿದರು. ಏನೆಂದು ಕೇಳಿದ್ದಕ್ಕೆ "ಕಣಜದ ಗೂಡಮ್ಮ, ಮಗು ಇರೋ ಮನೆ" ಎಂದರು. ಮುಂದಿನ ಶನಿವಾರದ ಪುಟದಲ್ಲೂ ಕಣಜದ ಗೂಡು ಎಂದಿದೆ. ಅದರ ಮುಂದಿನದರಲ್ಲೂ.

ಮಗುವಿಗೆ ಎರಡು ತಿಂಗಳು ತುಂಬಿದ ವಾರ ಮೇಲಿನ ಬೆಟ್ಟಗಳಲ್ಲಿ ಮಳೆ ಹಿಡಿಯಿತು. ನಮ್ಮಲ್ಲಿ ಹನಿಯಿಲ್ಲ. ಬೆಳಗಾಗುವ ಹೊತ್ತಿಗೆ ಹೊಳೆ ಮನೆಯ ಏಣಿಯ ಐದನೆಯ ಮೆಟ್ಟಿಲು ಹತ್ತಿ, ಮಧ್ಯಾಹ್ನಕ್ಕೆ ಇಳಿದೂಹೋಯಿತು. ನಾಲ್ಕು ಕಂಬಗಳು ನಿಂತಿದ್ದವು. ಮೇಲೆ ದೋಣಿ ಇರಲಿಲ್ಲ.

ಅತ್ತೆ ದಂಡೆಯುದ್ದಕ್ಕೂ ನಡೆದು ನೋಡಿ ಬಂದರು. "ಎಲ್ಲಾರ ತೋಟಾನೂ ಇದೆ. ನೀರು ತುಂಬ್ಕೊಂಡು ಅಲ್ಲಲ್ಲೇ ಕೂತಿವೆ. ನಮ್ಮದೊಂದೇ ಇಲ್ಲ."

"ಹೊಳೆ ಅಲ್ವಾ," ಎಂದರು ಮಾವ, ಬೆಲ್ಲದ ನೀರು ಕುಡಿಯುತ್ತ.

ಅತ್ತೆ ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡು ಅದರ ಹೊಕ್ಕುಳನ್ನು ನೋಡಿದರು, ಮತ್ತೆ ಮುಚ್ಚಿದರು. ಆ ದಿನ ಊಟ ಮಾಡಲಿಲ್ಲ. ತೆಂಗು ಹೋದಾಗಲೂ ಹೀಗೆಯೇ ಎರಡು ದಿನ ಉಣ್ಣಲಿಲ್ಲ ಎಂದು ಮಾವ ನನಗೆ ಮೆಲ್ಲಗೆ ಹೇಳಿದರು. ಹೇಳುವಾಗ ಅವರ ಮುಖ ಸರಿಯಿರಲಿಲ್ಲ.

ಮೂರನೆಯ ದಿನ ಸರಕು ದೋಣಿಯವರು ಸುದ್ದಿ ತಂದರು. ಹೊಳೆ ಸಮುದ್ರ ಸೇರುವಲ್ಲಿನ ಊರಲ್ಲಿ ಪಾಸ್ತೋರಾ ಎಂಬ ಹೆಂಗಸು, ಸೊಪ್ಪು ನೆಟ್ಟಗೆ ನಿಂತಿದ್ದ ಒಂದು ದೋಣಿಯನ್ನು ಹಿಡಿದು ಕಟ್ಟಿದ್ದಾಳಂತೆ. ರಾಣಿ ಬಂದ ಹಾಗೆ ಬಂತಂತೆ, ತೊಟ್ಟು ನೀರು ಒಳಹೊಕ್ಕಿರಲಿಲ್ಲವಂತೆ.

ಅತ್ತೆ ಮಾವನ ಕಡೆ ತಿರುಗಿದರು. "ಒಂಬತ್ತು ತೂತಿರೋ ದೋಣಿ ತೇಲಲ್ಲ, ಅಬೆಲೀನೊ."

"ಒಳ್ಳೆ ಮರ ಅದು."

"ತೂತು ಏನಾಯ್ತು?"

"ಮುಚ್ಚಿದೆ. ಹತ್ತಿ ಗಿಡಿದು, ರಾಳ ಹಾಕಿ. ವಾರಕ್ಕೊಂದು."

"ಯಾಕೆ?"

ಮಾವ ತಮ್ಮ ಬಲಭುಜ ನೀವಿಕೊಂಡರು. "ತೂತಿತ್ತು," ಎಂದರು.

ಬೇರು ಕೊಳೆತದ್ದು ಯಾಕೆ, ಎಲೆ ಹಳದಿಯಾದದ್ದು ಯಾಕೆ, ನೆರಳು ಯಾರದ್ದು ಎಲ್ಲ ಒಟ್ಟಿಗೆ ಅತ್ತೆಯ ಮುಖದ ಮೇಲೆ ಹಾದುಹೋಯಿತು. "ಮಗೂನ ಎತ್ಕೊ, ಹೊರಡು," ಎಂದರು ಅಷ್ಟೆ. ಪಕ್ಕದ ಮನೆಯವರ ದೋಣಿಯಲ್ಲಿ ಮೂರು ಗಂಟೆಯ ದಾರಿ, ಮಾವನೂ ಬಂದು ಕೂತರು. ಅಷ್ಟು ಹೊತ್ತೂ ಅತ್ತೆ ತಮ್ಮ ಕೊಡೆಯನ್ನು ನನ್ನ ತಲೆಯ ಮೇಲೆ ಹಿಡಿದು ತಾವು ಬಿಸಿಲಲ್ಲಿ ಕೂತಿದ್ದರು.

ಪಾಸ್ತೋರಾ ಜಗಲಿಯಲ್ಲಿ ಕೂತು ಚಾಕುವಿನಿಂದ ಕಪ್ಪೆಚಿಪ್ಪು ಬಿಡಿಸುತ್ತಿದ್ದಳು. ಅತ್ತೆಯಷ್ಟೇ ವಯಸ್ಸು, ಎರಡರಷ್ಟು ಮೈ. ನಮ್ಮ ದೋಣಿ ಅವಳ ಮೆಟ್ಟಿಲಿಗೆ ಕಟ್ಟಿಕೊಂಡು ತೇಲುತ್ತಿತ್ತು.

"ಹೊಳೆ ತಂದಿದ್ದು ಕಟ್ಟಿದೋರಿಗೆ ಕಣಕ್ಕ," ಎಂದಳು, ಅತ್ತೆ ಬಾಯಿ ತೆರೆಯುವ ಮೊದಲೇ. "ದಿಮ್ಮಿ ಬಂದ್ರೂ ಅಷ್ಟೆ, ಬಾಗಿಲು ಬಂದ್ರೂ ಅಷ್ಟೆ. ಹೋದ ವರ್ಷ ಹಂದಿ ಬಂದಿತ್ತು."

"ಹಂದಿ ಕೇಳ್ಕೊಂಡು ಯಾರೂ ಬರಲಿಲ್ವಾ?"

"ಬಂದ್ರು. ಊಟ ಮಾಡ್ಕೊಂಡು ಹೋದ್ರು."

ಅತ್ತೆ ಮೂಸಿದರು. ಒಳಗಿನಿಂದ ನಮ್ಮ ಕೊತ್ತಂಬರಿಯ ವಾಸನೆ ಬರುತ್ತಿತ್ತು. "ದೋಣಿ ಇಟ್ಕೊ. ಕೊತ್ತಂಬರಿನೂ ಇಟ್ಕೊ, ಹೆಂಗೂ ಸಾರಿಗೆ ಹಾಕಿದೀಯ. ಕಾಮಕಸ್ತೂರಿ ಬುಡದಲ್ಲಿ ಈ ಮಗೂದು ಹೊಕ್ಕುಳಿದೆ. ಅದನ್ನ ಕೊಡು."

ಪಾಸ್ತೋರಾ ಚಾಕು ಕೆಳಗಿಟ್ಟಳು. ಕೈಯನ್ನು ಲಂಗಕ್ಕೆ ಒರೆಸಿಕೊಂಡು ಎದ್ದು ಬಂದು ಮಗುವಿನ ಮುಖ ನೋಡಿದಳು. "ಮೊದ್ಲೇ ಹೇಳಬಾರದಾ," ಎಂದಳು. ಆಮೇಲೆ, "ಆದ್ರೆ ಅದು ಅಲ್ಲಿಲ್ಲ."

ಕಾಮಕಸ್ತೂರಿಯ ಜಾಗ ಖಾಲಿಯಿತ್ತು. ಅವಳು ಅದನ್ನು ಕಿತ್ತು ತನ್ನ ಮನೆಯ ಹಿಂದಿನ ಕಂಬದ ದೋಣಿಯಲ್ಲಿ ನೆಟ್ಟಿದ್ದಳು. ಅಲ್ಲಿ ಅದು ಎರಡು ಪುಟ್ಟ ಚಿಗುರು ಬಿಟ್ಟು ನಿಂತಿತ್ತು. "ಬೇರು ಕೊಳೀತಿತ್ತು. ಇನ್ನೆರಡು ದಿನ ಬಿಟ್ಟಿದ್ರೆ ಹೋಗ್ತಿತ್ತು. ಹೀಗೆ ನೀರು ನಿಲ್ಸಿ ಗಿಡ ಬೆಳೆಸೋಳು ಅದ್ಯಾವ ಹೆಂಗಸೋ ಅಂತ ಬೈಕೊಂಡೆ."

ಅತ್ತೆ ಬೈಗುಳ ತಿಂದು ಸುಮ್ಮನಿದ್ದುದನ್ನು ನಾನು ಅದೇ ಮೊದಲು ನೋಡಿದ್ದು. ಮಾವ ಆಕಾಶ ನೋಡುತ್ತಿದ್ದರು.

"ಎಷ್ಟು ಮಣ್ಣಿನ ಜೊತೆ ಎತ್ತಿದೆ?" ಎಂದು ಅತ್ತೆ ಕೇಳಿದರು.

"ಎರಡು ಕೈ ತುಂಬ."

"ಬಿಳಿ ಪೊಟ್ಟಣ ಕಾಣಿಸ್ತಾ?"

"ನಾನು ಬೇರು ನೋಡ್ತಿದ್ದೆ."

ಅಂದರೆ ಹೊಕ್ಕುಳು ಈ ದೋಣಿಯಲ್ಲೂ ಇರಬಹುದು, ಆ ದೋಣಿಯಲ್ಲೂ ಇರಬಹುದು. ಎರಡರಲ್ಲೂ ಕೆದಕಿ ನೋಡಿದರೆ ಗೊತ್ತಾಗುತ್ತದಲ್ಲ ಎಂದೆ. ನಾನು ಹೆಣ ಅಗೆಯಲು ಹೇಳಿದ ಹಾಗೆ ಇಬ್ಬರೂ ಒಟ್ಟಿಗೆ ತಿರುಗಿದರು.

"ಹೂತಿದ್ದನ್ನ ಕೆದಕ್ತಾರೇನೇ?" ಎಂದರು ಅತ್ತೆ.

"ಓದಿದ ಹುಡುಗಿ ಅಂತ ಕಾಣುತ್ತೆ," ಎಂದಳು ಪಾಸ್ತೋರಾ.

ಗಿಡವನ್ನು ಈಗ ಮತ್ತೆ ಕಿತ್ತರೆ ಸಾಯುತ್ತದೆ. ಬಿಟ್ಟು ಹೋದರೆ ಮೊಮ್ಮಗಳು ಬೇರೆ ಊರಿನವಳಾಗುತ್ತಾಳೆ. ಅತ್ತೆ ಕಂಬ ಹಿಡಿದುಕೊಂಡು ಬಹಳ ಹೊತ್ತು ನಿಂತರು, ಮಗು ಎರಡು ಸಲ ಹಾಲು ಕುಡಿಯಿತು. ಕೊನೆಗೆ ಗಿಡದಿಂದ ಒಂದೇ ಒಂದು ಕುಡಿ ಉಗುರಿನಿಂದ ಚಿವುಟಿ, ತಮ್ಮ ದೋಣಿಯ ಖಾಲಿ ಜಾಗದಲ್ಲಿ ಊರಿದರು. ಬೇರಿದ್ದದ್ದನ್ನು ಮುಟ್ಟಲಿಲ್ಲ.

"ಬದುಕ್ಲಿ," ಎಂದರು. "ಎಲ್ಲಿದ್ರೂ ಬದುಕಿದ್ರೆ ಸಾಕು."

ಪಾಸ್ತೋರಾ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡಳು. "ಹಂಗಾದ್ರೆ ಇವಳು ಅರ್ಧ ನನ್ನೂರೋಳು."

"ಕಾಲು."

"ಅರ್ಧ. ದೋಣಿ ತಗೊಂಡು ಹೋಗಿ, ಮಗೂಗೆ ನಾನು ಕೊಟ್ಟಿದ್ದು."

ಊಟ ಮಾಡಿಕೊಂಡು ಹೊರಟೆವು. ಸಾರಿನಲ್ಲಿ ಕೊತ್ತಂಬರಿ ಹೆಚ್ಚಾಗಿತ್ತು.

ಸಮುದ್ರದ ಉಬ್ಬರ ಹೊಳೆಯನ್ನು ಮೇಲಕ್ಕೆ ತಳ್ಳುವ ಹೊತ್ತಿಗೆ ಮಾವ ತಮ್ಮ ದೋಣಿಗಿಳಿದರು. ಯಾರೂ ಹೇಳಿರಲಿಲ್ಲ. ಈರುಳ್ಳಿಗೂ ಟೊಮ್ಯಾಟೊಗೂ ನಡುವೆ ಕಾಲು ಮಡಚಿ ಕೂತು ಹುಟ್ಟು ಹಾಕಿದರು. ನಾವು ಹಿಂದಿನ ದೋಣಿಯಲ್ಲಿ. ಊರೂರಿನ ದಂಡೆಯಲ್ಲಿ ಜನ ಬಟ್ಟೆ ಒಗೆಯುವುದು ಬಿಟ್ಟು ನಿಂತರು. ಒಬ್ಬಳು ಕೂಗಿ ಕೇಳಿದಳು, "ಅಬೆಲೀನೊ, ಸೊಪ್ಪು ಎಲ್ಲಿಗೆ?" ಅವರು ಹುಟ್ಟೆತ್ತಿ ನಮಸ್ಕಾರ ಮಾಡಿದರು.

"ಭುಜ ಹೇಗಿದೆ?" ಎಂದು ಅತ್ತೆ ಹಿಂದಿನಿಂದ ಕೇಳಿದರು.

"ಯಾವ ಭುಜ?"

ಅರ್ಧ ದಾರಿಯಲ್ಲಿ ಮಾವ ಕೈ ಬದಲಾಯಿಸಿದ್ದು ನಮ್ಮಿಬ್ಬರಿಗೂ ಕಂಡಿತು. ಅತ್ತೆ ಆಗ ಬೇಕೆಂದೇ ದಂಡೆಯ ಕಡೆ ತಿರುಗಿ ಕೂತರು.

ಮರುದಿನ ಅಕ್ಕಪಕ್ಕದವರು ಸೇರಿ ದೋಣಿಯನ್ನು ಕಂಬಕ್ಕೇರಿಸಿದರು. ಅತ್ತೆ ಬೈರಿಗೆ ತಂದು ಮಾವನ ಕೈಗೆ ಕೊಟ್ಟರು. ಮಾವ ಅಡಿಗೆ ನುಗ್ಗಿ ತಾವೇ ರಾಳ ಕೊರೆದು ತೆಗೆದರು, ಒಂದೊಂದಾಗಿ. ಒಂದೊಂದು ತೂತಿನಿಂದಲೂ ಕಂದು ನೀರು ಅವರ ತೋಳಿನ ಮೇಲೆ ಇಳಿಯಿತು. ಎಂಟಾಯಿತು. ಒಂಬತ್ತನೆಯದರ ಮೇಲೆ ಅಂಗೈ ಇಟ್ಟು ಕೂತರು.

"ಅದನ್ನ ನಾಳೆ ಮಾಡು," ಎಂದರು ಅತ್ತೆ.

ಅದಾಗಿ ನಾಲ್ಕು ತಿಂಗಳು, ಒಂಬತ್ತನೆಯದು ಇನ್ನೂ ಮುಚ್ಚೇ ಇದೆ. ಎಂಟು ತೂತಿನ ದೋಣಿಯೂ ತೇಲುವುದಿಲ್ಲ, ಅದು ಇಬ್ಬರಿಗೂ ಗೊತ್ತು.

ಕುಡಿ ಹನ್ನೊಂದನೆಯ ದಿನ ಬೇರು ಹಿಡಿಯಿತು. ಅತ್ತೆ ಸರಕು ದೋಣಿಯವರ ಕೈಲಿ ಕೆಳಗಿನೂರಿಗೆ ಸುದ್ದಿ ಕಳಿಸಿದರು. ಹದಿನೈದು ದಿನ ಬಿಟ್ಟು ಎಲ್ವರ್ ಉತ್ತರ ತಂದ. ಅಲ್ಲಿಯದು ಹೂಬಿಟ್ಟಿದೆಯಂತೆ, ಮಗುವನ್ನು ಕರೆತಂದು ತೋರಿಸಬೇಕಂತೆ, ಮತ್ತೆ ಅರ್ಧ ಎಂದರೆ ಅರ್ಧವೇ ಅಂತೆ.

ಅತ್ತೆ "ಲೀಬಿಯಾ, ಬಾ ಇಲ್ಲಿ," ಎಂದು ನನ್ನನ್ನು ದೋಣಿಯ ಹತ್ತಿರ ಕರೆದು, ನನ್ನ ಕೈಯಲ್ಲೇ ಒಂದು ಕಟ್ಟು ಈರುಳ್ಳಿ ಸೊಪ್ಪು ಕೀಳಿಸಿ, ಬಾಳೆನಾರಿನಲ್ಲಿ ಕಟ್ಟಿ ಪಾಸ್ತೋರಾಗೆ ಕಳಿಸಿದರು. ಸಣ್ಣ ಕಟ್ಟೇನೂ ಆಗಿರಲಿಲ್ಲ.